ಎರಡು ಲಕ್ಷದ ಸೈಕಲ್: ದುಡ್ಡು ಹೋಗೋದು ಎಲ್ಲಿಗೆ?

‘ಸೈಕಲ್‌ಗೆ ಎರಡು ಲಕ್ಷನಾ? ಆ ದುಡ್ಡಿಗೆ ಒಂದು ಬುಲೆಟ್ಟೇ ಬರ್ತಿತ್ತಲ್ಲೋ!’

ಮಗನೋ ಮಗಳೋ ಒಳ್ಳೆ ಸೈಕಲ್ ಕೊಳ್ಳುವ ಮಾತೆತ್ತಿದರೆ ಅಪ್ಪಂದಿರ ಬಾಯಲ್ಲಿ ಮೊದಲು ಬರೋ ಮಾತು ಇದು. ಅವರ ಮಾತಲ್ಲೂ ನ್ಯಾಯ ಇದೆ. ಅಟ್ಲಾಸ್, ಹೀರೊ, ಹರ್ಕ್ಯುಲಸ್ ತುಳಿದುಕೊಂಡು ಕೆಲಸಕ್ಕೆ ಹೋಗಿ, ಕ್ಯಾರಿಯರ್ ಮೇಲೆ ಅಕ್ಕಿ ಮೂಟೆ, ಮುಂದಿನ ಬಾರ್ ಮೇಲೆ ಮಗು ಕೂರಿಸಿಕೊಂಡು ಸಂಸಾರ ತೂಗಿಸಿದ ತಲೆಮಾರು ಅದು. ಅವರ ಪಾಲಿಗೆ ಸೈಕಲ್ ಎಂದರೆ ಬಸ್ ಚಾರ್ಜ್ ಉಳಿಸುವ ಗಾಡಿ.

ಇನ್ನೊಂದು ಕಡೆ ಭಾನುವಾರ ಬೆಳಗಿನ ರೈಡ್ ಗ್ರೂಪಿನ ಗೆಳೆಯರು. ‘105 ಗ್ರೂಪ್‌ಸೆಟ್‌ಗಿಂತ ಕೆಳಗೆ ಇಳೀಬೇಡ ಮಗಾ’, ‘ತಗೊಳ್ಳೋದಾದ್ರೆ ಕಾರ್ಬನ್ನೇ ತಗೋ, ಆಮೇಲೆ ಅಪ್‌ಗ್ರೇಡ್‌ಗೆ ಡಬಲ್ ಖರ್ಚು’ ಅಂತ ವಾಟ್ಸ್‌ಆ್ಯಪ್‌ನಲ್ಲಿ ಒಂದೇ ಸಮನೆ ಸಲಹೆ. ನಡುವೆ ನೀವು. ಕೈಯಲ್ಲಿ ಫೋನು, ಅದರಲ್ಲಿ ಇಎಂಐ ಲೆಕ್ಕ.

ಯಾರ ಮಾತು ಕೇಳೋದು? ಅದಕ್ಕೂ ಮೊದಲು ದುಡ್ಡು ಯಾವ್ಯಾವುದಕ್ಕೆ ಹೋಗುತ್ತದೆ, ಅದರಿಂದ ನಮ್ಮ ಕಾಲಿಗೆ ಸಿಗೋದೇನು ಅಂತ ಬಿಡಿಸಿ ನೋಡೋಣ.

ಬೆಲೆಯ ಮೆಟ್ಟಿಲು

ಗೇರಿಲ್ಲದ ಗಟ್ಟಿಮುಟ್ಟಾದ ಸೈಕಲ್ ಈಗ ₹8–10 ಸಾವಿರದ ಆಸುಪಾಸಿನಲ್ಲಿ ಸಿಗುತ್ತದೆ. ಗೇರಿರುವ ಹೈಬ್ರಿಡ್‌ಗೆ ₹15ರಿಂದ 40 ಸಾವಿರ. ಬಾಗಿದ ಹ್ಯಾಂಡಲ್‌ನ ರೋಡ್ ಬೈಕ್ ಶುರುವಾಗುವುದೇ ₹30–40 ಸಾವಿರಕ್ಕೆ. ಶಿಮಾನೊ 105 ಗೇರು ಬೇಕೆಂದರೆ ಸಾಮಾನ್ಯವಾಗಿ ಲಕ್ಷ ದಾಟಬೇಕು. ಕಾರ್ಬನ್ ಫ್ರೇಮಿಗೆ ಇನ್ನೂ ಮೇಲೆ. ಟೂರ್ ಡಿ ಫ್ರಾನ್ಸ್‌ನಲ್ಲಿ ಓಡುವಂಥ ಸೈಕಲ್ಲೇ ಬೇಕು ಎಂದರೆ ₹10 ಲಕ್ಷ ಕೂಡ ಸಾಲದೆ ಹೋಗಬಹುದು.

ಈ ಮೆಟ್ಟಿಲುಗಳ ಎತ್ತರ ಒಂದೇ ಥರ ಇಲ್ಲ. ₹10 ಸಾವಿರದಿಂದ ₹40 ಸಾವಿರಕ್ಕೆ ಹತ್ತಿದರೆ ವ್ಯತ್ಯಾಸ ಮೊದಲ ನೂರು ಮೀಟರ್‌ನಲ್ಲೇ ಗೊತ್ತಾಗುತ್ತದೆ. ಸೈಕಲ್ ಹಗುರ, ಗೇರು ಸಲೀಸು, ಬ್ರೇಕು ನಂಬಿಕಸ್ಥ. ₹40 ಸಾವಿರದಿಂದ 1 ಲಕ್ಷಕ್ಕೆ ಹತ್ತಿದರೂ ಗೊತ್ತಾಗುತ್ತದೆ, ಆದರೆ ತುಳಿದು ಸ್ವಲ್ಪ ಅಭ್ಯಾಸ ಇರಬೇಕು. 3 ಲಕ್ಷದಿಂದ 10 ಲಕ್ಷಕ್ಕೆ ಹಾರಿದಾಗ ಆಗುವ ಲಾಭ ತಿಳಿಯಲು ಸ್ಟಾಪ್‌ವಾಚ್ ಬೇಕಾಗುತ್ತದೆ. ಮೊದಲ ಮೆಟ್ಟಿಲಿಗೆ ಕೊಟ್ಟದ್ದು ₹30 ಸಾವಿರ, ಕೊನೆಯದಕ್ಕೆ 7 ಲಕ್ಷ!

ಹಾಗಾದರೆ ದುಬಾರಿ ಸೈಕಲ್ ಬರೀ ಶೋಕಿನಾ? ಹಾಗೆನ್ನಲೂ ಆಗದು. ಸೈಕ್ಲಿಂಗ್ ಚರಿತ್ರೆಯಲ್ಲೇ ಅದಕ್ಕೊಂದು ಉತ್ತರ ಇದೆ.

ಬೋರ್ಡ್‌ಮನ್ ಹತ್ತಿದ ಎರಡು ಸೈಕಲ್

‘ಅವರ್ ರೆಕಾರ್ಡ್’ ಅಂತ ಒಂದು ದಾಖಲೆ ಇದೆ. ನಿಯಮ ಸರಳ: ಟ್ರ್ಯಾಕ್‌ನಲ್ಲಿ ಒಬ್ಬರೇ, ಒಂದು ಗಂಟೆಯಲ್ಲಿ ಎಷ್ಟು ದೂರ ತುಳಿಯುತ್ತೀರಿ ನೋಡೋಣ. 1972ರಲ್ಲಿ ಬೆಲ್ಜಿಯಂನ ಎಡ್ಡಿ ಮರ್ಕ್ಸ್ ಮೆಕ್ಸಿಕೊ ಸಿಟಿಯಲ್ಲಿ 49.431 ಕಿ.ಮೀ. ತುಳಿದರು. ಅವರದು ಉಕ್ಕಿನ ಫ್ರೇಮು, ಮಾಮೂಲಿ ಬಾಗಿದ ಹ್ಯಾಂಡಲ್‌ನ ಸೈಕಲ್.

1996ರಲ್ಲಿ ಬ್ರಿಟನ್ನಿನ ಕ್ರಿಸ್ ಬೋರ್ಡ್‌ಮನ್ ಇದನ್ನು 56.375 ಕಿ.ಮೀ.ಗೆ ಒಯ್ದರು. ಗಾಳಿ ಸೀಳಲೆಂದೇ ಮಾಡಿದ ಸೈಕಲ್, ಹಾರುವ ಸೂಪರ್‌ಮ್ಯಾನ್ ಹಾಗೆ ಮುಂದಕ್ಕೆ ಚಾಚಿದ ಕೈಗಳು. ‘ಇದು ಮನುಷ್ಯನ ದಾಖಲೆಯೋ ಯಂತ್ರದ್ದೋ’ ಎಂಬ ತಕರಾರು ಎದ್ದು, ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ಯುಸಿಐ ‘ಮರ್ಕ್ಸ್ ಕಾಲದ ಮಾದರಿಯ ಸೈಕಲ್ಲಿನಲ್ಲೇ ತುಳಿಯಬೇಕು’ ಎಂಬ ನಿಯಮ ತಂದಿತು. 2000ದಲ್ಲಿ ಅದೇ ಬೋರ್ಡ್‌ಮನ್ ಹಳೆ ಮಾದರಿಯ ಸೈಕಲ್ ಹತ್ತಿದರು. ದೂರ ಎಷ್ಟು ಗೊತ್ತೇ? 49.441 ಕಿ.ಮೀ. ಮರ್ಕ್ಸ್‌ಗಿಂತ ಬರೀ 10 ಮೀಟರ್ ಹೆಚ್ಚು.

ಅಷ್ಟು ಹೊತ್ತಿಗೆ ಬೋರ್ಡ್‌ಮನ್ ನಿವೃತ್ತಿಯ ಅಂಚಿನಲ್ಲಿದ್ದರು ಅನ್ನೋದು ನಿಜ. ಮೆಕ್ಸಿಕೊ ಸಿಟಿ ಎತ್ತರದಲ್ಲಿರುವುದರಿಂದ ಅಲ್ಲಿ ಗಾಳಿ ತೆಳು, ಅದು ಮರ್ಕ್ಸ್‌ಗೆ ಅನುಕೂಲ. ಇಷ್ಟೆಲ್ಲ ಕಳೆದರೂ ಒಬ್ಬನೇ ಮನುಷ್ಯನ ಎರಡು ಸವಾರಿಗಳ ನಡುವೆ ಸುಮಾರು 7 ಕಿ.ಮೀ. ಅಂತರ ಸಣ್ಣದೇನಲ್ಲ. ಸೈಕಲ್ಲಿನಿಂದ ವ್ಯತ್ಯಾಸ ಆಗುತ್ತದೆ, ಗಂಟೆಗೆ 50 ಕಿ.ಮೀ. ವೇಗದಲ್ಲಿ ಬಹಳವೇ ಆಗುತ್ತದೆ.

ಈಗ ಕಥೆಯ ಇನ್ನೊಂದು ಅರ್ಧ. 1993ರಲ್ಲಿ ಸ್ಕಾಟ್ಲೆಂಡ್‌ನ ಗ್ರೇಮ್ ಓಬ್ರಿ ಇದೇ ದಾಖಲೆಯನ್ನು 51.596 ಕಿ.ಮೀ. ತುಳಿದು ಮುರಿದರು. ಅವರ ಸೈಕಲ್ ಕೈಯಾರೆ ಮಾಡಿಕೊಂಡದ್ದು. ಅದರಲ್ಲಿ ಹಳೆ ವಾಷಿಂಗ್ ಮಷೀನಿನ ಬೇರಿಂಗ್ ಇತ್ತು. ಎರಡೂ ಕೈಯನ್ನು ಎದೆಯ ಅಡಿಗೆ ಮಡಚಿ, ಮೈಯನ್ನು ಗಾಳಿಗೆ ಆದಷ್ಟು ಕಡಿಮೆ ಒಡ್ಡುವಂತೆ ಕೂರುವುದೇ ಅವರ ಗುಟ್ಟು. ಗಾಳಿ ಬೆಲೆಚೀಟಿ ನೋಡೋದಿಲ್ಲವಲ್ಲ, ಎದುರಿಗೆ ಬಂದ ಆಕಾರವನ್ನಷ್ಟೇ ನೋಡುತ್ತದೆ.

ಇವರೆಲ್ಲ ಟ್ರ್ಯಾಕ್ ಮೇಲಿನವರು. ನಾವು ನಮ್ಮ ರಸ್ತೆಗೆ ಬರೋಣ. ಸೈಕಲ್ ತುಳಿಯುವವರಿಗೆ ಎದುರಾಳಿಗಳು ಮೂರು: ಏರು, ಗಾಳಿ, ರಸ್ತೆ. ಒಂದೊಂದರ ಮುಂದೆಯೂ ದುಡ್ಡು ಎಷ್ಟು ಕೆಲಸ ಮಾಡುತ್ತದೆ?

ಏರು: ನಂದಿ ಬೆಟ್ಟದ ಲೆಕ್ಕ

ಬೆಂಗಳೂರಿನ ಸೈಕಲ್ ಸವಾರರಿಗೆ ನಂದಿ ಬೆಟ್ಟವೇ ಪರೀಕ್ಷಾ ಕೇಂದ್ರ. ಸುಮಾರು 7–8 ಕಿ.ಮೀ. ಏರುದಾರಿ, ಹತ್ತಬೇಕಾದ ಎತ್ತರ 400 ಮೀಟರ್‌ಗಿಂತ ಹೆಚ್ಚು. ನಿಮ್ಮ ತೂಕ 70 ಕೆಜಿ, ಸೈಕಲ್ 10 ಕೆಜಿ, ನೀರು, ಬಟ್ಟೆ, ಶೂ ಎಲ್ಲ ಸೇರಿ 2 ಕೆಜಿ ಅಂದುಕೊಳ್ಳಿ. ಒಟ್ಟು 82 ಕೆಜಿ. ನೀವು 40 ನಿಮಿಷದಲ್ಲಿ ಮೇಲೆ ಮುಟ್ಟುತ್ತೀರಿ.

ಈಗ ಲಕ್ಷಗಟ್ಟಲೆ ಕೊಟ್ಟು 8 ಕೆಜಿಯ ಕಾರ್ಬನ್ ಸೈಕಲ್ ತಂದಿರಿ. ಉಳಿದದ್ದು 2 ಕೆಜಿ, ಅಂದರೆ ಒಟ್ಟು ತೂಕದ ಶೇ 2.4ರಷ್ಟು. ಏರಿನಲ್ಲಿ ಶ್ರಮವೆಲ್ಲ ಹೆಚ್ಚುಕಡಿಮೆ ತೂಕ ಎತ್ತುವುದಕ್ಕೇ ಹೋಗುವುದರಿಂದ ಸಮಯವೂ ಹತ್ತಿರಹತ್ತಿರ ಅಷ್ಟೇ ಉಳಿಯುತ್ತದೆ. ಲೆಕ್ಕ ಹಾಕಿದರೆ ಒಂದು ನಿಮಿಷಕ್ಕೂ ಕಡಿಮೆ!

ರೇಸ್ ಓಡುವವರಿಗೆ ಒಂದು ನಿಮಿಷ ಅಂದರೆ ಪೋಡಿಯಂ. ಮೇಲೆ ಹೋಗಿ ಕಾಫಿ ಕುಡಿದು ಇಳಿಯುವ ನಮಗೆ? 750 ಮಿಲಿಲೀಟರ್‌ನ ಎರಡು ತುಂಬಿದ ಬಾಟಲಿಯ ನೀರೇ ಒಂದೂವರೆ ಕೆಜಿ ತೂಗುತ್ತದೆ. ಸ್ಪರ್ಧೆಗಳಲ್ಲಿ ಸೈಕಲ್ 6.8 ಕೆಜಿಗಿಂತ ಹಗುರ ಇರಬಾರದು ಎಂಬ ಯುಸಿಐ ನಿಯಮವೂ 2000ದಿಂದ ಇದೆ. ಹಾಗಾಗಿ ಗ್ರಾಂ ಇಳಿಸುವ ಆಟಕ್ಕೆ ವೃತ್ತಿಪರರಿಗೇ ಒಂದು ತಡೆಗೋಡೆ ಇದೆ.

ಏರಿನಲ್ಲಿ ನಿಜವಾಗಿ ಮಂಡಿ ಕಾಯುವುದು ಸಣ್ಣ ಗೇರು. ಮುಂದೆ 34 ಹಲ್ಲಿನ ಚಕ್ರ, ಹಿಂದೆಯೂ 34 ಹಲ್ಲಿನದ್ದು ಇದ್ದರೆ ಒಂದು ಸುತ್ತು ಪೆಡಲಿಗೆ ಗಾಲಿ ಒಂದೇ ಸುತ್ತು. ಉಸಿರು ಬಿಗಿಹಿಡಿಯದೆ ಹತ್ತಬಹುದು. ಇದು ಅನೇಕ ಆರಂಭಿಕ ರೋಡ್ ಬೈಕ್‌ಗಳಲ್ಲೇ ಇರುತ್ತದೆ. ಇಲ್ಲದಿದ್ದರೂ ಹಿಂದಿನ ಕ್ಯಾಸೆಟ್ ಬದಲಿಸಲು ಕೆಲವು ಸಾವಿರ ಸಾಕು; ಡೀರೈಲರ್ ಅಷ್ಟು ದೊಡ್ಡ ಕ್ಯಾಸೆಟ್ಟಿಗೆ ಒಗ್ಗುತ್ತದೆಯೇ ಅಂತ ಅಂಗಡಿಯಲ್ಲಿ ಕೇಳಿಕೊಳ್ಳಿ.

ಗಾಳಿ: ವೇಗ ಇದ್ದವರಿಗಷ್ಟೇ ಲಾಭ

ಗಾಳಿಯನ್ನು ಸೀಳಲು ಬೇಕಾದ ಶಕ್ತಿ ವೇಗದ ಘನದ ಲೆಕ್ಕದಲ್ಲಿ ಏರುತ್ತದೆ. 20 ಕಿ.ಮೀ. ವೇಗದಿಂದ 30ಕ್ಕೆ ಹೋದರೆ ವೇಗ ಒಂದೂವರೆ ಪಟ್ಟು, ಗಾಳಿಗೆ ಸುರಿಯುವ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚು. ಏರೋ ಫ್ರೇಮು, ಎತ್ತರದ ಕಾರ್ಬನ್ ರಿಮ್ಮು ಎಲ್ಲ ಕೆಲಸಕ್ಕೆ ಬರುವುದು ಇಲ್ಲಿಯೇ.

ಆದರೆ ಜಾಹೀರಾತಿನಲ್ಲಿ ‘10 ವಾಟ್ ಉಳಿತಾಯ’ ಅಂತ ಬರೆದಿದ್ದರೆ ಯಾವ ವೇಗದಲ್ಲಿ ಅಂತ ಹುಡುಕಿ ನೋಡಿ. ಇಂಥ ಪರೀಕ್ಷೆಗಳು ಹೆಚ್ಚಾಗಿ ನಡೆಯುವುದು 45 ಕಿ.ಮೀ. ಆಸುಪಾಸಿನಲ್ಲಿ. ಸಿಲ್ಕ್ ಬೋರ್ಡ್ ಕಡೆಯಿಂದ ಆಫೀಸಿಗೆ 18 ಕಿ.ಮೀ. ವೇಗದಲ್ಲಿ ಹೋಗುವವರಿಗೆ ಅದೇ ಘನದ ಲೆಕ್ಕ ಹಾಕಿದರೆ 10 ವಾಟ್ ಉಳಿತಾಯ ಹದಿನಾರನೇ ಒಂದು ಪಾಲಿಗೆ ಇಳಿಯುತ್ತದೆ. ಅಂದರೆ ಮುಕ್ಕಾಲು ವಾಟ್ ಕೂಡ ಇಲ್ಲ.

ಇನ್ನೊಂದು ವಿಷಯ. ಗಾಳಿ ತಡೆಯುವುದರಲ್ಲಿ ಸೈಕಲ್ಲಿನ ಪಾಲು ಕಡಿಮೆ, ಸವಾರನ ಮೈಯದ್ದೇ ಮುಕ್ಕಾಲು ಪಾಲು. ಮೊಣಕೈ ಮಡಚಿ, ಬೆನ್ನು ತಗ್ಗಿಸಿ ಕೂತರೆ ಬಿಟ್ಟಿಯಾಗಿ ಸಿಗುವ ಲಾಭ ದುಬಾರಿ ಗಾಲಿಗಳಿಗಿಂತ ಹೆಚ್ಚಿರಬಹುದು. ಪಟಪಟ ಹಾರಾಡುವ ಸಡಿಲ ಟೀಶರ್ಟ್ ಬಿಟ್ಟು ಮೈಗೆ ಅಂಟುವ ಜೆರ್ಸಿ ಹಾಕಿದರೂ ಅಷ್ಟಿಷ್ಟು ಉಳಿಯುತ್ತದೆ.

ರಸ್ತೆ: ಇಲ್ಲಿ ಮಾತ್ರ ಜಿಪುಣತನ ಬೇಡ

ನೆಲಕ್ಕೆ ತಾಗುವುದು ಎರಡೇ ಎರಡು ಜಾಗ, ಹೆಬ್ಬೆರಳಿನಷ್ಟು ಅಗಲದ ಟೈರು. ಟೈರು ಉರುಳುವಾಗ ಒತ್ತಿ ಹಿಗ್ಗುತ್ತದಲ್ಲ, ಆಗ ಶಕ್ತಿ ಸೋರುತ್ತದೆ. ಒರಟು ರಬ್ಬರಿನ ಸಾಧಾರಣ ಟೈರಿಗೂ ಮೆತ್ತಗಿನ ಒಳಬಟ್ಟೆಯ ಒಳ್ಳೆ ಟೈರಿಗೂ ಈ ಸೋರಿಕೆಯಲ್ಲಿ ಎರಡು ಪಟ್ಟು ವ್ಯತ್ಯಾಸ ಇರಬಹುದು. ಅದೇ 82 ಕೆಜಿ, 25 ಕಿ.ಮೀ. ವೇಗ ಇಟ್ಟುಕೊಂಡು ಲೆಕ್ಕ ಹಾಕಿದರೆ ಸುಮಾರು 20 ವಾಟ್ ಉಳಿಯುತ್ತದೆ. ಆ ವೇಗದಲ್ಲಿ ಸಾಮಾನ್ಯ ಸವಾರ ಹಾಕುವ ಒಟ್ಟು ಶಕ್ತಿಯೇ ನೂರು ಚಿಲ್ಲರೆ ವಾಟ್ ಇರುವಾಗ ಇದು ದೊಡ್ಡ ಮೊತ್ತ.

ಒಂದು ಜೊತೆ ಒಳ್ಳೆ ಟೈರಿಗೆ ಖರ್ಚಾಗುವುದು ಕೆಲವು ಸಾವಿರ. ಇಡೀ ಸೈಕಲ್ಲಿನಲ್ಲಿ ರೂಪಾಯಿಗೆ ಇಷ್ಟು ಪ್ರತಿಫಲ ಕೊಡುವ ಭಾಗ ಬೇರೆ ಸಿಗುವುದು ಕಷ್ಟ. ಅಗಲದ ಬಗ್ಗೆಯೂ ಹೆದರಬೇಡಿ. ಹಿಂದೆ 23 ಮಿ.ಮೀ. ಟೈರಿನಲ್ಲಿ ಓಡುತ್ತಿದ್ದ ರೇಸ್‌ನವರೇ ಈಗ 28 ಮಿ.ಮೀ. ಮತ್ತು ಅದಕ್ಕೂ ದಪ್ಪಕ್ಕೆ ಬಂದಿದ್ದಾರೆ. ನಮ್ಮ ಗುಂಡಿ, ಹಂಪು, ಜಲ್ಲಿಗೆ ಫ್ರೇಮಿನಲ್ಲಿ ಜಾಗ ಇದ್ದರೆ 32 ಇನ್ನೂ ಒಳ್ಳೆಯದು. ವಾರಕ್ಕೊಮ್ಮೆ ಪಂಪು ಹೊಡೆದು ಗಾಳಿ ಸರಿ ಇಟ್ಟುಕೊಳ್ಳಿ, ಅದಕ್ಕೆ ಖರ್ಚೇ ಇಲ್ಲ.

ಗೇರಿನ ಏಣಿ

ಶಿಮಾನೊ ಕಂಪನಿಯ ರೋಡ್ ಗೇರುಗಳಲ್ಲಿ ಒಂದು ಜಾತಿಪದ್ಧತಿಯೇ ಇದೆ. ಕೆಳಗಿನಿಂದ ಕ್ಲಾರಿಸ್, ಸೋರಾ, ಟಿಯಾಗ್ರಾ, 105, ಅಲ್ಟೆಗ್ರಾ, ತುದಿಯಲ್ಲಿ ಡ್ಯುರಾ-ಏಸ್. ಹಿಂದಿನ ಹಲ್ಲುಚಕ್ರಗಳ ಸಂಖ್ಯೆ ಕ್ಲಾರಿಸ್‌ನಲ್ಲಿ 8, ಸೋರಾದಲ್ಲಿ 9, ಟಿಯಾಗ್ರಾದಲ್ಲಿ 10, ಈಗಿನ 105ರಿಂದ ಮೇಲೆ 12.

ಕೆಳಗಿನಿಂದ 105ರವರೆಗೆ ಹತ್ತಿದಂತೆ ಗೇರು ಬೀಳುವ ನಯ, ಲಿವರಿನ ಹಿಡಿತ, ಬಾಳಿಕೆ ಎಲ್ಲ ಸುಧಾರಿಸುತ್ತದೆ. 105ರಿಂದ ಮೇಲಕ್ಕೆ ಹೋದಂತೆ ಮುಖ್ಯವಾಗಿ ಇಳಿಯುವುದು ಗ್ರಾಂ. ಡ್ಯುರಾ-ಏಸ್ ಕ್ಯಾಸೆಟ್ಟಿನ ದೊಡ್ಡ ಚಕ್ರಗಳು ಟೈಟಾನಿಯಂನವು. ಹಗುರ ಹೌದು, ಆದರೆ ಉಕ್ಕಿನಷ್ಟು ಬಾಳಿಕೆ ಬರುವುದಿಲ್ಲ. ಪ್ರಾಯೋಜಕರು ಹೊಸದು ಕೊಡುವ ತಂಡಕ್ಕೆ ಅದು ಸರಿ. ಸ್ವಂತ ಜೇಬಿನವರು ಯೋಚಿಸಬೇಕು.

ಮೇಲಿನ ತಂತ್ರಜ್ಞಾನ ಮೆಲ್ಲಗೆ ಕೆಳಗೆ ಇಳಿದು ಬರುತ್ತದೆ ಅನ್ನೋದೂ ನೆನಪಿರಲಿ. ಬಟನ್ ಒತ್ತಿದರೆ ಬದಲಾಗುವ ಎಲೆಕ್ಟ್ರಾನಿಕ್ ಗೇರು ಡ್ಯುರಾ-ಏಸ್‌ಗೆ ಬಂದದ್ದು 2009ರಲ್ಲಿ, 105ಕ್ಕೆ 2022ರಲ್ಲಿ. ತಾಳಿದವನು ಬಾಳಿಯಾನು ಅನ್ನೋ ಗಾದೆ ಸೈಕಲ್ಲಿಗೂ ಅನ್ವಯ.

ಬ್ರೇಕಿನ ವಿಷಯ ಬೇರೆ. ಮಳೆಗಾಲದಲ್ಲಿ ಆಗುಂಬೆಯಂಥ ಘಾಟಿ ಇಳಿಯುವವರು, ದಿನಾ ಟ್ರಾಫಿಕ್‌ನಲ್ಲಿ ನುಗ್ಗುವವರು ಹೈಡ್ರಾಲಿಕ್ ಡಿಸ್ಕ್ ಬ್ರೇಕಿಗೆ ಕೊಡುವ ಹೆಚ್ಚುವರಿ ದುಡ್ಡು ಖಂಡಿತ ಸಾರ್ಥಕ. ಒದ್ದೆ ರಿಮ್ಮಿನ ಮೇಲೆ ರಬ್ಬರ್ ಬ್ರೇಕು ಕಚ್ಚುವ ಹೊತ್ತಿಗೆ ಎದುರಿನ ಆಟೊ ಹತ್ತಿರ ಬಂದಿರುತ್ತದೆ. ಎರಡು ಬೆರಳಲ್ಲಿ ಹಿಡಿದರೆ ಸಾಕು, ನಿಲ್ಲುವ ಬ್ರೇಕು ಪ್ರಾಣದ ಬಾಬತ್ತು.

ತೀರಾ ಅಗ್ಗವೂ ದುಬಾರಿ

‘ಹಾಗಾದ್ರೆ ಅಗ್ಗದ್ದೇ ತಗೊಂಡ್ರಾಯ್ತು’ ಅಂತ ಹೊರಟರೆ ಅಲ್ಲೂ ಒಂದು ಗುಂಡಿ ಇದೆ. ₹10–12 ಸಾವಿರಕ್ಕೆ 21 ಗೇರು, ಮುಂದೆ ಹಿಂದೆ ಸಸ್ಪೆನ್ಷನ್, ಡಿಸ್ಕ್ ಬ್ರೇಕು, ದಪ್ಪ ಟೈರು. ಇಷ್ಟೆಲ್ಲ ಅಷ್ಟು ದುಡ್ಡಿಗೆ ಹೇಗೆ ಬರುತ್ತದೆ? ಪ್ರತಿಯೊಂದರಲ್ಲೂ ಕತ್ತರಿ ಹಾಕಿದ್ದಕ್ಕೇ ಬರುತ್ತದೆ. ಸಸ್ಪೆನ್ಷನ್ ಅನ್ನೋದು ಪೆಡಲಿನ ಶಕ್ತಿ ನುಂಗುವ ಸ್ಪ್ರಿಂಗ್ ಆಗಿರುತ್ತದೆ, ಗೇರು ತಿಂಗಳಿಗೊಮ್ಮೆ ಅಂಗಡಿ ಕೇಳುತ್ತದೆ. ಒಟ್ಟು ತೂಕವೂ ಜಾಸ್ತಿ. ಆ ಬೆಲೆಗೆ ಗೇರಿಲ್ಲದ, ಒಳ್ಳೆ ಫ್ರೇಮಿನ ಸರಳ ಸೈಕಲ್ ಎಷ್ಟೋ ಮೇಲು. ಮೈಸೂರು ರಸ್ತೆಗಳಂಥ ಕಡೆ ಆಫೀಸು, ತರಕಾರಿ, ಜಿಮ್ ಎಲ್ಲಕ್ಕೂ ಅದು ಸಾಕು.

ಇನ್ನೊಂದು ಅಪಾಯ ಹೆಸರಿಲ್ಲದ ಅಗ್ಗದ ಕಾರ್ಬನ್ ಭಾಗಗಳು. ಒಳ್ಳೆ ಅಲ್ಯೂಮಿನಿಯಂ ಹ್ಯಾಂಡಲ್ ಬಿಟ್ಟು, ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಸಿಕ್ಕ ಕಾರ್ಬನ್ ಹ್ಯಾಂಡಲ್ ಹಾಕಬೇಡಿ. ಕಾರ್ಬನ್ ಭಾಗ ಬಾಗಿ ಮುನ್ಸೂಚನೆ ಕೊಡುವ ಬದಲು ಒಮ್ಮೆಗೇ ಮುರಿಯಬಹುದು. ಅಸಲಿ ಕಾರ್ಬನ್‌ಗೂ ಬೋಲ್ಟು ಬಿಗಿಯಲು ಟಾರ್ಕ್ ರೆಂಚ್ ಬೇಕು. ಕೈ ಅಂದಾಜಿನಲ್ಲಿ ತಿರುಗಿಸಿದರೆ ಬಿರುಕು ಬಿಡುತ್ತದೆ. ಸೆಕೆಂಡ್ ಹ್ಯಾಂಡ್ ಕಾರ್ಬನ್ ಫ್ರೇಮು ಕೊಳ್ಳುವಾಗ ಬಿದ್ದ ಇತಿಹಾಸ ಕೇಳಿ, ತಿಳಿದ ಮೆಕ್ಯಾನಿಕ್‌ಗೆ ತೋರಿಸಿಯೇ ದುಡ್ಡು ಕೊಡಿ.

ಕಿಲೋಮೀಟರಿಗೆ ಎಷ್ಟು?

‘ದೂರ ಹೋಗ್ಬೇಕಂದ್ರೆ ದುಬಾರಿ ಸೈಕಲ್ ಬೇಕಲ್ವಾ?’ ಅನ್ನೋ ಪ್ರಶ್ನೆ ಬರುತ್ತದೆ. ದೂರದ ಸವಾರಿಗೆಂದೇ ಬ್ರೆವೆ ಎಂಬ ಪದ್ಧತಿ ಇದೆ. ಅದರಲ್ಲಿ 200 ಕಿ.ಮೀ. ಮುಗಿಸಲು 13 ಗಂಟೆ 30 ನಿಮಿಷ ಸಮಯ. ಊಟ, ಪಂಕ್ಚರ್, ವಿಶ್ರಾಂತಿ ಸೇರಿಸಿ ಸರಾಸರಿ 15 ಕಿ.ಮೀ. ವೇಗ ಕೂಡ ಬೇಡ. 600 ಕಿ.ಮೀ.ಗೆ 40 ಗಂಟೆ. ಯಾವ ಸೈಕಲ್, ಎಷ್ಟು ಬೆಲೆ ಅಂತ ಯಾರೂ ಕೇಳುವುದಿಲ್ಲ. ಅಲ್ಲಿ ಸೋಲಿಸುವುದು ಸೀಟು ನೋವು, ಕುತ್ತಿಗೆ ನೋವು, ಖಾಲಿ ಹೊಟ್ಟೆ. ಸೀಟಿನ ಎತ್ತರ, ಹ್ಯಾಂಡಲ್‌ನ ದೂರ ಅಳತೆಗೆ ಹೊಂದಿಸಿಕೊಂಡರೆ, ಅಂದರೆ ಬೈಕ್ ಫಿಟ್ ಮಾಡಿಸಿದರೆ, ಆ ಖರ್ಚು ಯಾವ ಕಾರ್ಬನ್‌ಗಿಂತಲೂ ದೂರ ಕರೆದೊಯ್ಯುತ್ತದೆ.

ಕೊನೆಗೆ ಉಳಿಯುವುದು ಒಂದು ಭಾಗಾಕಾರ. 2 ಲಕ್ಷದ ಸೈಕಲ್ಲನ್ನು ವರ್ಷಕ್ಕೆ 2,000 ಕಿ.ಮೀ.ನಂತೆ ಐದು ವರ್ಷ ತುಳಿದರೆ 10,000 ಕಿ.ಮೀ. ಅಂದರೆ ಕಿಲೋಮೀಟರಿಗೆ ₹20. ಕ್ಯಾಬ್‌ಗಿಂತ ಮೋಸ ಇಲ್ಲ. ಅದೇ ಸೈಕಲ್ಲು ಹತ್ತು ಭಾನುವಾರ 40 ಕಿ.ಮೀ. ಓಡಿ, ಮಳೆ ಶುರುವಾದ ಮೇಲೆ ಬಾಲ್ಕನಿಯಲ್ಲಿ ಬಟ್ಟೆ ಒಣಹಾಕುವ ಸ್ಟ್ಯಾಂಡ್ ಆಯಿತು ಅನ್ನಿ. ಆಗ 400 ಕಿ.ಮೀ.ಗೆ 2 ಲಕ್ಷ, ಕಿಲೋಮೀಟರಿಗೆ ₹500! ₹40 ಸಾವಿರದ ಸೈಕಲ್ಲಿನಲ್ಲಿ 10,000 ಕಿ.ಮೀ. ತುಳಿದವರ ಲೆಕ್ಕ ಬರೀ ₹4.

ಚಂದದ ಸೈಕಲ್ ನೋಡಿದರೆ ಬೆಳಿಗ್ಗೆ ಐದಕ್ಕೆ ಏಳೋಕೆ ಮನಸ್ಸು ಬರುತ್ತೆ ಅನ್ನುವವರೂ ಇದ್ದಾರೆ. ಆ ಮಾತನ್ನು ನಾನು ತಳ್ಳಿಹಾಕುವುದಿಲ್ಲ. ಸಂತೋಷಕ್ಕೂ ಬೆಲೆ ಇದೆ. ಸಾಲ ಇಲ್ಲದೆ ಕೊಳ್ಳುವ ಶಕ್ತಿ ಇದ್ದು, ವರ್ಷಕ್ಕೆ ಸಾವಿರಾರು ಕಿ.ಮೀ. ತುಳಿಯುವ ಅಭ್ಯಾಸ ಆಗಲೇ ಇದ್ದರೆ ಧಾರಾಳವಾಗಿ ತಗೊಳ್ಳಿ. ಅಭ್ಯಾಸ ಬರಲಿ ಅಂತ ದುಬಾರಿ ಸೈಕಲ್ ಕೊಳ್ಳುವುದು ಮಾತ್ರ ಜೂಜು.

ಕೊಳ್ಳುವ ಮುನ್ನ

* ಸೈಕಲ್ಲಿಗೆ ₹50 ಸಾವಿರ ಎತ್ತಿಟ್ಟಿದ್ದರೆ ಸೈಕಲ್ಲಿಗೆ ಸುಮಾರು 38–40 ಸಾವಿರ ಮಾತ್ರ ಇಡಿ. ಉಳಿದದ್ದು ಹೆಲ್ಮೆಟ್, ಮುಂದೆ ಹಿಂದೆ ಲೈಟು, ಒಳ್ಳೆ ಬೀಗ, ಪಂಪು, ಎರಡು ಟ್ಯೂಬು, ಪ್ಯಾಡ್ ಇರುವ ಶಾರ್ಟ್ಸ್, ಫಿಟ್‌ಗೆ.

* 2025ರ ಸೆಪ್ಟೆಂಬರ್ 22ರಿಂದ ಸೈಕಲ್ ಮೇಲಿನ ಜಿಎಸ್‌ಟಿ ಶೇ 12ರಿಂದ ಶೇ 5ಕ್ಕೆ ಇಳಿದಿದೆ. ಬಿಲ್ ನೋಡಿಯೇ ದುಡ್ಡು ಕೊಡಿ.

* ಬಣ್ಣಕ್ಕಿಂತ ಮೊದಲು ಫ್ರೇಮಿನ ಸೈಜ್ ನೋಡಿ. ತಪ್ಪು ಸೈಜಿನ 2 ಲಕ್ಷದ ಸೈಕಲ್ಲಿಗಿಂತ ಸರಿ ಸೈಜಿನ ₹30 ಸಾವಿರದ್ದು ಮೇಲು.

* ಮೊದಲ ಅಪ್‌ಗ್ರೇಡ್ ಟೈರು. ಆಮೇಲೆ ಸೀಟು, ಬ್ರೇಕ್ ಪ್ಯಾಡು. ಗಾಲಿ, ಗ್ರೂಪ್‌ಸೆಟ್ ಎಲ್ಲ ಅದಾದ ಮೇಲೆ.

* ಚೈನು ಸವೆತ ಅಳೆಯುವ ಸಣ್ಣ ಪಟ್ಟಿ ಒಂದು ಇಟ್ಟುಕೊಳ್ಳಿ. 11–12 ಸ್ಪೀಡಿನಲ್ಲಿ 0.5, 8–10 ಸ್ಪೀಡಿನಲ್ಲಿ 0.75 ತೋರಿಸಿದಾಗ ಚೈನು ಬದಲಿಸಿ. ಚೈನಿಗೆ ಜಿಪುಣತನ ಮಾಡಿದರೆ ಅದು ಕ್ಯಾಸೆಟ್ಟನ್ನೂ ತಿಂದುಹಾಕುತ್ತದೆ.

* ತಿಂಗಳ ಬಾಡಿಗೆಗೆ ಸಿಗುವ ಸೈಕಲ್ಲೋ, ಗೆಳೆಯರ ಹಳೇ ಸೈಕಲ್ಲೋ ಹಿಡಿದು ಮೊದಲ 500 ಕಿ.ಮೀ. ತುಳಿಯಿರಿ. ಅಷ್ಟು ಹೊತ್ತಿಗೆ ನಿಮಗೆ ಬೇಕಾದದ್ದು ವೇಗವೋ, ದೂರವೋ, ಬರೀ ಬೆಳಗಿನ ಗಾಳಿಯೋ ಅಂತ ನಿಮ್ಮ ಕಾಲೇ ಹೇಳುತ್ತದೆ. ಅಂಗಡಿಗೆ ಹೋಗುವುದು ಅದರ ಮಾರನೇ ದಿನ.